31 ಜನರ ಸಹಕಾರಿ ಬ್ಯಾಂಕಿಗೆ ಆನ್‌ಲೈನ್ ತರಬೇತಿ ಆಗ್ತದಾ? ಆಡಳಿತ ಮಂಡಳಿಗೆ ಎಂತ ಹೇಳಲಿ?

ಗಡಿ_ಸೆಕ್ರೆಟರಿ
ಎಲ್ಲರಿಗೂ ನಮಸ್ಕಾರ. ಕಾಸರಗೋಡು ಜಿಲ್ಲೆಯ ಉತ್ತರ ಮೂಲೆಯ ಒಂದು ಸೇವಾ ಸಹಕಾರಿ ಬ್ಯಾಂಕಿನಲ್ಲಿ ನಾನು ಸೆಕ್ರೆಟರಿ. ಹೆಸರು ಬೇಡ, ಊರು ಸಣ್ಣದು. ಹೆಡ್ಡಾಫೀಸು, ನಾಲ್ಕು ಬ್ರಾಂಚು, ಒಂದು ಗೊಬ್ಬರದ ಡಿಪೊ, ಕಡಿಮೆ ದರದ ಒಂದು ನೀತಿ ಸ್ಟೋರು. ಕಲೆಕ್ಷನ್ ಏಜೆಂಟರೂ ಸೇರಿ 31 ಜನ.

ಕಳೆದ ತಿಂಗಳು ಒಂದು ಕಂಪೆನಿಯವರು ಬಂದು ಪರದೆ ಬಿಡಿಸಿ ತೋರಿಸಿ ಹೋದರು. ಸಿಬ್ಬಂದಿ ಮೊಬೈಲಿನಲ್ಲೇ ಕಲಿಯುವುದು, ಪರೀಕ್ಷೆ ಬರೆಯುವುದು, ಸರ್ಟಿಫಿಕೇಟ್ ಪಡೆಯುವುದು. 120 ಕೋರ್ಸು ಉಂಟಂತೆ. ತಲೆಗೆ ವರ್ಷಕ್ಕೆ 2,400 ರೂಪಾಯಿ, ಎರಡು ವರ್ಷದ ಕರಾರು. ಪಾಠ ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಕನ್ನಡ "ಮುಂದಕ್ಕೆ ಬರ್ತದೆ".

ಆಸೆ ಹುಟ್ಟಿದ್ದಕ್ಕೆ ಕಾರಣ ಉಂಟು. ಇಷ್ಟು ವರ್ಷ ನಮಗೆ ತರಬೇತಿ ಅಂದರೆ ತಿರುವನಂತಪುರ. ರಾತ್ರಿ ಮಲಬಾರ್ ಎಕ್ಸ್‌ಪ್ರೆಸ್ಸೋ ಮಾವೇಲಿಯೋ ಹಿಡಿದು ಹೋಗಿ, ಮೂರು ದಿನ ಕೂತು, ಪುನಃ ರಾತ್ರಿ ರೈಲು. 2023ರಲ್ಲಿ ವಂದೇ ಭಾರತ್ ಬಂದ ಮೇಲೆ ಎಂಟು ಗಂಟೆಯಲ್ಲಿ ತಲುಪಬಹುದು, ಆದರೆ ಆ ಟಿಕೇಟು ನಮ್ಮ ಟಿಎ ಬಿಲ್ಲಿನಲ್ಲಿ ಪಾಸಾಗುವುದಿಲ್ಲ. ಮೂರು ಜನ ಇರುವ ಬ್ರಾಂಚಿನಿಂದ ಒಬ್ಬರನ್ನು ಕಳಿಸಿದರೆ ಉಳಿದವರಿಗೆ ಮಧ್ಯಾಹ್ನದ ಊಟಕ್ಕೂ ಏಳಲಿಕ್ಕೆ ಆಗುವುದಿಲ್ಲ.

ಮಂಡಳಿಯಲ್ಲಿ ಅರ್ಧ ಜನ "ಕಾಲಕ್ಕೆ ತಕ್ಕಂತೆ ಹೋಗುವ" ಅನ್ನುತ್ತಾರೆ, ಇನ್ನರ್ಧ "ದಂಡ" ಅನ್ನುತ್ತಾರೆ. ಎರಡು ಕಡೆಯವರ ಹತ್ತಿರವೂ ಕಾರಣ ಇಲ್ಲ. ಇಂಥದ್ದನ್ನು ತೀರ್ಮಾನಿಸುವುದು ಹೇಗೆ? ಅನುಭವ ಇದ್ದವರು ಹೇಳಿ.

ಬೋರ್ಡೋ_ಭಾವ
ನಾನು ದಂಡ ಅನ್ನುವ ಪಾರ್ಟಿ. ನಿಮ್ಮಂಥದ್ದೇ ಇನ್ನೊಂದು ಬ್ಯಾಂಕಿನಲ್ಲಿ ಡೈರೆಕ್ಟರ್ ಕೂಡ. ಮೊಬೈಲು ನೋಡಿ ತೆಂಗಿನಮರ ಹತ್ತಲಿಕ್ಕೆ ಕಲಿತವ ಯಾರಾದರೂ ಉಂಟಾ? ತೆಂಗು ಅಭಿವೃದ್ಧಿ ಮಂಡಳಿಯವರು 2011ರಲ್ಲಿ ಮರ ಹತ್ತುವ ತರಬೇತಿ ಶುರು ಮಾಡಿದಾಗ ಆರು ದಿನ ಇರಿಸಿಕೊಂಡು, ಯಂತ್ರ ಕಾಲಿಗೆ ಸಿಕ್ಕಿಸಿ, ಹತ್ತಿಸಿ ಇಳಿಸಿಯೇ ಕಳಿಸಿದ್ದು.

ಹೊಸಂಗಡಿ_ಟು_ಬೆಂಗಳೂರು
ಭಾವ, ಸೆಕ್ರೆಟರಿಯವರ ಗುಮಾಸ್ತರು ಮರ ಹತ್ತುವುದಿಲ್ಲ, ಲೆಡ್ಜರ್ ಬರೆಯುವುದು 😀

ಬೋರ್ಡೋ_ಭಾವ
ಲೆಡ್ಜರಿನಲ್ಲಿ ಬಿದ್ದವರನ್ನೂ ನೋಡಿದ್ದೇನೆ ತಂಗಿ.

ಹೊಸಂಗಡಿ_ಟು_ಬೆಂಗಳೂರು
ಸರಿ, ಈಗ ಗಂಭೀರವಾಗಿ. ನನ್ನ ಹೊಟ್ಟೆಪಾಡೇ ಇದು, ಒಂದು ದೊಡ್ಡ ಕಂಪೆನಿಯ ತರಬೇತಿ ವಿಭಾಗ. ಆನ್‌ಲೈನ್ ಕೋರ್ಸು ಮಾಡಿಸುವವಳೇ ಆದರೂ ಹೇಳ್ತೇನೆ, ಆ 120 ಕೋರ್ಸಿನ ಪಟ್ಟಿಯನ್ನು ಸದ್ಯ ಮುಚ್ಚಿಡಿ ಅಣ್ಣ. ಅಂಗಡಿಯ ಸಾಮಾನು ನೋಡಿ ಮನೆಯ ಚೀಟಿ ಬರೆದ ಹಾಗೆ ಆಗ್ತದೆ.

ಮೊದಲು ಕಳೆದ ಒಂದೆರಡು ವರ್ಷದ ಆಡಿಟ್ ನ್ಯೂನತೆಗಳ ಪಟ್ಟಿ ತೆಗೆಯಿರಿ. ಜತೆಗೆ ಸದಸ್ಯರ ದೂರು, ವೋಚರು ತಿದ್ದಿದ್ದು, ಸಾಲದ ಕಡತ ವಾಪಸ್ ಬಂದದ್ದು, ಡಿಪೊದಲ್ಲಿ ಸ್ಟಾಕು ತಾಳೆ ಆಗದ್ದು. ಒಂದೊಂದರ ಎದುರೂ ಒಂದೇ ಪ್ರಶ್ನೆ ಬರೆಯಿರಿ: ಇದು ಯಾಕೆ ಆಯಿತು? ಮಾಡಿದವರಿಗೆ ವಿಷಯವೇ ಗೊತ್ತಿರಲಿಲ್ಲವಾ? ಗೊತ್ತಿತ್ತು, ಆದರೆ ಕೈ ಪಳಗಿರಲಿಲ್ಲವಾ? ಅಥವಾ ಗೊತ್ತೂ ಇತ್ತು, ಕೈಯೂ ಪಳಗಿತ್ತು, ಆದರೆ ಮಾಡಲಿಕ್ಕೆ ಅವಕಾಶವೇ ಇರಲಿಲ್ಲವಾ?

ಮೊದಲನೆಯ ರಾಶಿಗೆ ಆನ್‌ಲೈನ್ ಚೆನ್ನಾಗಿ ಒದಗುತ್ತದೆ. ಹೊಸ ಸುತ್ತೋಲೆ, ಬಡ್ಡಿ ಲೆಕ್ಕದ ನಿಯಮ, ಕೆವೈಸಿಗೆ ಯಾವ ಕಾಗದ ಬೇಕು, ಮೋಸದ ಕರೆ ಬಂದರೆ 1930ಕ್ಕೆ ಫೋನ್ ಮಾಡಬೇಕು, ಇಂಥವು. ಎಲ್ಲರಿಗೂ ಒಂದೇ ಮಾತು ಮುಟ್ಟಬೇಕು, ಬೇಕಾದಾಗ ಪುನಃ ನೋಡಲಿಕ್ಕೆ ಸಿಗಬೇಕು. ಎರಡನೆಯ ರಾಶಿಗೆ ಪಕ್ಕದಲ್ಲಿ ಒಬ್ಬರು ನಿಂತು "ಹಾಗಲ್ಲ, ಹೀಗೆ" ಅನ್ನಬೇಕು. ವಿಡಿಯೋ ಬೇಕಾದರೆ ಅದಕ್ಕೆ ಪೀಠಿಕೆ ಆದೀತು. ಮೂರನೆಯ ರಾಶಿಗೆ ಯಾವ ತರಬೇತಿಯೂ ಔಷಧ ಅಲ್ಲ. ಸಂಸ್ಥೆಗಳು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ, ಮೂರನೆಯ ರಾಶಿಯ ರೋಗಕ್ಕೆ ಮೊದಲನೆಯದರ ಮದ್ದು ಕೊಂಡು.

ಕುಂಬ್ಳೆ_ಮಾಷ್ಟ್ರು
ಈ ತಂಗಿ ಹೇಳಿದ್ದು ಸರಿ. ನಿವೃತ್ತ ಕನ್ನಡ ಮಾಧ್ಯಮ ಅಧ್ಯಾಪಕನಾಗಿ ಎರಡು ಅನುಭವ ಹೇಳ್ತೇನೆ.

2020ರ ಜೂನ್ 1ಕ್ಕೆ ಕೇರಳ ಸರ್ಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ ಮಕ್ಕಳಿಗೆ ಫಸ್ಟ್ ಬೆಲ್ ಎಂಬ ಟಿವಿ ತರಗತಿ ಶುರುವಾಯಿತು. ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೂ ಕನ್ನಡದಲ್ಲೇ ಪಾಠ ಬಂತು. ಪಾಠಗಳು ಒಳ್ಳೆಯವೇ. ಆದರೆ ಕ್ಲಾಸು ಮುಗಿದ ಮೇಲೆ ಯಾವ ಟೀಚರು ಮನೆಗೆ ಫೋನ್ ಮಾಡಿ "ಎಂತ ಅರ್ಥ ಆಯ್ತು ಹೇಳು ನೋಡುವ" ಎಂದರೋ ಅವರ ಮಕ್ಕಳು ಕಲಿತರು. ಉಳಿದ ಮಕ್ಕಳು ಟಿವಿ ನೋಡಿದರು, ಅಷ್ಟೆ.

ಇನ್ನೊಂದು, ಅದೇ ವರ್ಷ ಅಧ್ಯಾಪಕರಿಗೆ ಬಂದ ನಿಷ್ಠಾ ತರಬೇತಿ, ದೀಕ್ಷಾ ಎಂಬ ಆನ್‌ಲೈನ್ ವೇದಿಕೆಯ ಮೂಲಕ. ಕೆಲವರು ಟಿಪ್ಪಣಿ ಮಾಡಿಕೊಂಡು ನೋಡಿದರು. ಕೆಲವರ ಮೊಬೈಲು ಅಡಿಗೆಮನೆಯ ಕಿಟಕಿಯಲ್ಲಿ ತಾನಾಗಿ ಓಡಿತು, ಇವರು ಒಗ್ಗರಣೆ ಹಾಕುತ್ತಾ ಇದ್ದರು. ಸರ್ಟಿಫಿಕೇಟು ಇಬ್ಬರಿಗೂ ಒಂದೇ. ಹಾಗಾಗಿ ಕಂಪೆನಿಯವ "ನಮ್ಮಲ್ಲಿ ನೂರಕ್ಕೆ ಇಷ್ಟು ಮಂದಿ ಪೂರ್ತಿ ಮಾಡಿದ್ದಾರೆ" ಅಂದರೆ ಅದನ್ನು ಲೆಕ್ಕಕ್ಕೆ ಇಡಬೇಡಿ.

ಹೊಸಂಗಡಿ_ಟು_ಬೆಂಗಳೂರು
ಮಾಷ್ಟ್ರೇ, ಇದನ್ನು ನಮ್ಮ ಕಸುಬಿನಲ್ಲಿ 1959ರಷ್ಟು ಹಿಂದೆಯೇ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ ಎಂಬ ಅಮೆರಿಕದ ಪ್ರೊಫೆಸರ್ ಬಿಡಿಸಿ ಬರೆದರು. ಕಲಿತವರಿಗೆ ಇಷ್ಟ ಆಯಿತಾ, ಕಲಿತರಾ, ಕಲಿತದ್ದನ್ನು ಕೆಲಸದಲ್ಲಿ ಮಾಡುತ್ತಿದ್ದಾರಾ, ಅದರಿಂದ ಸಂಸ್ಥೆಗೆ ಏನಾಯಿತು, ಹೀಗೆ ನಾಲ್ಕು ಮೆಟ್ಟಿಲು. ಆನ್‌ಲೈನ್ ಕಂಪೆನಿಯ ವರದಿ ಬಹಳವಾಗಿ ಎರಡನೆಯ ಮೆಟ್ಟಿಲಿನಲ್ಲಿ ನಿಲ್ಲುತ್ತದೆ. ಮೂರನೆಯದು ಬ್ರಾಂಚ್ ಮ್ಯಾನೇಜರಿನ ಕಣ್ಣಿಗೇ ಕಾಣಬೇಕು, ನಾಲ್ಕನೆಯದು ಮುಂದಿನ ಆಡಿಟ್ಟಿನಲ್ಲಿ.

ಕೇಬಲ್_ಹುಡುಗ
ನೆಟ್ಟಿನ ವಿಷಯ ಯಾರೂ ಎತ್ತಲಿಲ್ಲ. ಲೈವ್ ಕ್ಲಾಸಾ, ಮೊದಲೇ ಹಿಡಿದಿಟ್ಟ ವಿಡಿಯೋವಾ ಎಂದು ಮೊದಲು ಕೇಳಿ. ಎರಡೂ ಒಂದೇ ಅಲ್ಲ. ಜೂಮ್, ಮೀಟ್‌ನಲ್ಲಿ ಹತ್ತಾರು ಜನ ಮುಖ ತೋರಿಸಿ ಕೂತರೆ ಗಂಟೆಗೆ ಒಂದು ಜಿಬಿ ಹತ್ತಿರ ಹೋಗ್ತದೆ. ಜುಲೈಯಲ್ಲಿ ನಮ್ಮ ಗುಡ್ಡದ ಕಡೆ ಮರ ಬಿದ್ದು ಕರೆಂಟು ಹೋದರೆ ಟವರೂ ಸ್ವಲ್ಪ ಹೊತ್ತಿನಲ್ಲಿ ಮಲಗುತ್ತದೆ. ರೆಕಾರ್ಡ್ ಮಾಡಿದ್ದಾದರೆ ಇಳಿಸಿಟ್ಟುಕೊಂಡು ನೋಡಬಹುದು. ಆಪ್‌ನಲ್ಲಿ ಇಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ನಮ್ಮ ಕಡೆಗೆ ಅದು ಮಳೆಗಾಲ ಬಿಟ್ಟು ಉಳಿದ ತಿಂಗಳ ತರಬೇತಿ.

ಇನ್ನು ಖರ್ಚು. 31 ಜನಕ್ಕೆ ವರ್ಷಕ್ಕೆ 74,400, ಎರಡು ವರ್ಷಕ್ಕೆ 1,48,800. ಆನ್‌ಲೈನ್ ಕೋರ್ಸು ನಡೆಸಲಿಕ್ಕೆ ಮೂಡಲ್ ಎಂಬ ತಂತ್ರಾಂಶ 2002ರಿಂದ ಉಂಟು, ಉಚಿತ. ಸರ್ವರಿಗೆ ಮತ್ತು ನೋಡಿಕೊಳ್ಳುವವನಿಗೆ ಮಾತ್ರ ದುಡ್ಡು. ನನಗೆ ಕೇಳಿದರೆ 31 ಜನಕ್ಕೆ ಅದೂ ಜಾಸ್ತಿ. ಒಂದು ವಾಟ್ಸ್ಯಾಪ್ ಗುಂಪು, ಒಂದು ಗೂಗಲ್ ಫಾರ್ಮು, ಹತ್ತು ನಿಮಿಷದ ವಿಡಿಯೋ.

ಗಡಿ_ಸೆಕ್ರೆಟರಿ
ಪಾಠ ಮಾಡುವವರು ಯಾರು? ಅದೇ ಅಲ್ವಾ ಕಷ್ಟ. ಕನ್ನಡದಲ್ಲಿ ಸಿಗುವುದಿಲ್ಲ. ನಮ್ಮ ಹಳಬರಿಗೆ ಮಲಯಾಳ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ತಡಬಡ. ಇಂಗ್ಲಿಷ್ ಕೋರ್ಸು ಕೊಟ್ಟರೆ ಉತ್ತರ ಊಹಿಸಿ ಒತ್ತುತ್ತಾರೆ.

ವಿಟ್ಲದಿಂದ
ನಾನು ಗಡಿಯ ಈಚೆ ದಕ್ಷಿಣ ಕನ್ನಡದ ಸೊಸೈಟಿಯವ. ನಮ್ಮಲ್ಲಿ ಎಲ್ಲ ಕನ್ನಡದಲ್ಲೇ ಉಂಟು, ಬೈಲಾ ಪಾಠದಿಂದ ಹಿಡಿದು ಸಾಲ ವಸೂಲಿವರೆಗೆ ವಿಡಿಯೋ, ಪಿಡಿಎಫ್. ಬೇಕಾದರೆ ಕಳಿಸ್ತೇನೆ. ದುಡ್ಡು ಬೇಡ, ಕುಂಬ್ಳೆಗೆ ಆಟಕ್ಕೆ ಬಂದಾಗ ಒಂದು ಚಾ ಕೊಡಿಸಿ ಸಾಕು.

ಒರೆಗಲ್ಲು
ತಡೀರಿ ವಿಟ್ಲದಣ್ಣ. ಅದರಲ್ಲಿ ಒಂದು ತೊಡಕು ಉಂಟು. ನಿಮ್ಮದು ಕರ್ನಾಟಕದ 1959ರ ಸಹಕಾರ ಸಂಘಗಳ ಕಾಯ್ದೆ, ನಮ್ಮದು ಕೇರಳದ 1969ರದ್ದು. ಸಾಲದ ತಕರಾರು ನಿಮಗೆ 70ನೇ ಸೆಕ್ಷನ್, ನಮಗೆ 69. ಒಂದೇ ನಂಬರಿನ ವ್ಯತ್ಯಾಸ ಎಂದು ನಗಬೇಡಿ, ನೋಟಿಸಿನಲ್ಲಿ ತಪ್ಪು ಸೆಕ್ಷನ್ ಬರೆದು ಕಳಿಸಿದರೆ ಎದುರು ಪಾರ್ಟಿಯ ವಕೀಲನಿಗೆ ಹಬ್ಬ. ನಿಮ್ಮ ಪಾಠ ನಮ್ಮ ಹುಡುಗರಿಗೆ ನೀರು ಕುಡಿದಷ್ಟು ಸುಲಭವಾಗಿ ಅರ್ಥ ಆಗ್ತದೆ. ಅರ್ಥ ಆಗುವುದೇ ಅಪಾಯ.

ವಿಟ್ಲದಿಂದ
ಹೌದು ಮಾರಾಯ್ರೇ! ಅದು ತಲೆಗೆ ಹೋಗಲಿಲ್ಲ. ಹಾಗಾದರೆ ಕಾನೂನಿನ ಭಾಗ ಬಿಡುವ. ಗ್ರಾಹಕರ ಹತ್ತಿರ ಮಾತಾಡುವುದು, ಖೋಟಾನೋಟು ಗುರುತಿಸುವುದು, ಯುಪಿಐ ಮೋಸ, ಗೊಬ್ಬರ ಮಾರುವಾಗ ಬಿಲ್ಲು ಹಾಕುವ ಪಿಒಎಸ್ ಯಂತ್ರ, ಬೋರ್ಡೋ ದ್ರಾವಣ ಇವು ಎರಡು ಕಡೆಗೂ ಒಂದೇ.

ಕುಂಬ್ಳೆ_ಮಾಷ್ಟ್ರು
ನಮ್ಮ ಊರಿನ ಹಣೆಬರಹವೇ ಇದು. ಅರ್ಥ ಆಗುವ ಪಾಠದಲ್ಲಿ ಬೇರೆ ರಾಜ್ಯದ ಕಾನೂನು, ನಮ್ಮ ಕಾನೂನಿನ ಪಾಠ ಅರ್ಥ ಆಗದ ಭಾಷೆಯಲ್ಲಿ. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ ಪಠ್ಯಪುಸ್ತಕದಲ್ಲೂ ಇದೇ ಪಾಡು. ಸೆಕ್ರೆಟರಿಯವರೇ, ಕಂಪೆನಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ ಇರಲಿ. ಕನ್ನಡ ಯಾವ ತಾರೀಕಿಗೆ, ಮತ್ತು ಆ ಕನ್ನಡದಲ್ಲಿ ಯಾವ ರಾಜ್ಯದ ನಿಯಮ? ಬಾಯಲ್ಲಿ ಬೇಡ, ಕಾಗದದಲ್ಲಿ.

ಬೋರ್ಡೋ_ಭಾವ
ನನ್ನ ಹೆಸರಿನ ವಿಷಯ ಬಂದ ಕಾರಣ ಸುಮ್ಮನೆ ಇರಲಿಕ್ಕಾಗುವುದಿಲ್ಲ. ಅಡಿಕೆಗೆ ಕೊಳೆರೋಗ ಬರದ ಹಾಗೆ ಮಳೆ ಹಿಡಿಯುವ ಮೊದಲು ಶೇಕಡಾ ಒಂದರ ಬೋರ್ಡೋ. ಮೈಲುತುತ್ತು ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರ್. ಎರಡನ್ನೂ ಬೇರೆ ಬೇರೆ ಕರಗಿಸಿ ತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು. ಕಬ್ಬಿಣದ ಪಾತ್ರೆ ಆಗದು. ಆಮೇಲೆ ಹೊಳೆಯುವ ಚೂರಿ ಅದ್ದಿ ನೋಡಬೇಕು, ಕೆಂಪು ಹಿಡಿದರೆ ಸುಣ್ಣ ಸಾಲದು ಎಂದು ಲೆಕ್ಕ. ನಮ್ಮ ಡಿಪೊದ ಹುಡುಗನ ಹತ್ತಿರ ರೈತರು ಕೇಳಿದರೆ ಅವ ಪ್ಯಾಕೆಟ್ ತೋರಿಸುತ್ತಾನೆ, ಅಷ್ಟೆ. ಇದಕ್ಕೆ ಐದು ನಿಮಿಷದ ವಿಡಿಯೋ ಸಾಕು, ನಾನೂ ಒಪ್ಪುತ್ತೇನೆ. ಕ್ರಮ ನೆನಪಿಡುವುದು ಮಾತ್ರ ಇರುವುದು ಇದರಲ್ಲಿ.

ಹೊಸಂಗಡಿ_ಟು_ಬೆಂಗಳೂರು
ಭಾವ ಪಾರ್ಟಿ ಬದಲಿಸಿದರು, ಎಲ್ಲರೂ ನೋಡಿಕೊಳ್ಳಿ.

ಬೋರ್ಡೋ_ಭಾವ
ಬದಲಿಸಲಿಲ್ಲ. ಅದೇ ಡಿಪೊದ ಹುಡುಗ ಸೋಗೆ ನೋಡಿ ಹಳದಿ ಎಲೆ ರೋಗವಾ, ನೀರು ನಿಂತು ಹಳದಿಯಾದದ್ದಾ ಎಂದು ಹೇಳಬೇಕಾದರೆ ತೋಟಕ್ಕೇ ಹೋಗಬೇಕು. ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯವರು ಗೊಬ್ಬರ, ಕೀಟನಾಶಕದ ಅಂಗಡಿಯವರಿಗೆ ನಡೆಸುವ ಡಿಪ್ಲೊಮಾ ಉಂಟಲ್ಲ, ಡೇಸಿ ಎಂದು, ಅದರಲ್ಲಿ 40 ತರಗತಿಯ ಜತೆ 8 ಸರ್ತಿ ತೋಟ ಗದ್ದೆಗೆ ಕರೆದುಕೊಂಡು ಹೋಗುವುದು ಸುಮ್ಮನೆ ಅಲ್ಲ. ಅದೂ ವಾರಕ್ಕೊಂದು ದಿನ, ಅಂಗಡಿಗೆ ರಜೆ ಇರುವ ದಿನ.

ಒರೆಗಲ್ಲು
ನಾನು ಚಿನ್ನದ ಸಾಲದ ಮೇಜಿನಲ್ಲಿ ಕೂರುವವ. ಕಂಪೆನಿಗಳ ಪಟ್ಟಿಯಲ್ಲಿ "ಚಿನ್ನದ ಮೌಲ್ಯಮಾಪನ" ಎಂಬ ಕೋರ್ಸು ಇದ್ದೇ ಇರ್ತದೆ, ಅದರ ಬಗ್ಗೆ ಎಚ್ಚರ.

ಅದರಲ್ಲಿ ಕಲಿಯಬಹುದಾದದ್ದು ಉಂಟು. 916 ಅಂದರೆ 22 ಕ್ಯಾರೆಟ್, 750 ಅಂದರೆ 18. ಹಾಲ್‌ಮಾರ್ಕ್ ಇರುವ ಹೊಸ ಒಡವೆಯಲ್ಲಿ ಆರು ಅಕ್ಷರ-ಅಂಕಿಯ ಗುರುತಿನ ಸಂಖ್ಯೆ, ಎಚ್‌ಯುಐಡಿ ಇರ್ತದೆ, 2023ರ ಏಪ್ರಿಲ್ 1ರಿಂದ ಅದಿಲ್ಲದೆ ಅಂಗಡಿಯವರು ಹಾಲ್‌ಮಾರ್ಕ್ ಒಡವೆ ಮಾರುವ ಹಾಗಿಲ್ಲ. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರ್ತದೆ. ಇದೆಲ್ಲ ಮೊಬೈಲು ನೋಡಿ ಕಲಿಯಿರಿ.

ಆದರೆ ನಮ್ಮ ಮೇಜಿಗೆ ಬರುವುದು ಅಜ್ಜಿಯ ಕಾಲದ ಒಡವೆ. ಅದರಲ್ಲಿ ಎಂಥ ಹಾಲ್‌ಮಾರ್ಕ್? ಒಳಗೆ ಅರಗು ಎಷ್ಟು, ಕಲ್ಲಿಗೆ ಎಷ್ಟು ಕಳೆಯಬೇಕು, ಬೆಸುಗೆ ಎಲ್ಲಿ. ಒರೆಗಲ್ಲಿಗೆ ಉಜ್ಜಿ ಆಸಿಡ್ ಬಿಟ್ಟರೆ ಮೇಲ್ಮೈ ಮಾತ್ರ ಗೊತ್ತಾಗುವುದು. ದಪ್ಪ ಲೇಪದ ನಕಲಿ ಬಳೆ ಅಲ್ಲಿ ಪಾಸಾಗ್ತದೆ. ಅಪ್ಪಟ ಚಿನ್ನದ ಸಾಂದ್ರತೆ 19.3, ತಾಮ್ರದ್ದು ಅದರ ಅರ್ಧಕ್ಕೂ ಕಡಿಮೆ, ಹಾಗಾಗಿ ಕೈಯಲ್ಲಿ ತೂಗಿದಾಗಲೇ ಹಳಬನಿಗೆ ಸಂಶಯ ಬರ್ತದೆ. ಆ ಸಂಶಯ ಪರದೆಯಲ್ಲಿ ಬರುವುದಿಲ್ಲ. ಒಡವೆಗೆ ಬೆಲೆ ಕಟ್ಟುವ ಅಪ್ರೈಸರ್ ಪಕ್ಕದಲ್ಲಿ ತಿಂಗಳುಗಟ್ಟಲೆ ಕೂರಬೇಕು. ಆ ಸರ್ಟಿಫಿಕೇಟು ಗೋಡೆಗೆ ಹಾಕಿದ ಹೊಸಬ ಧೈರ್ಯದಲ್ಲಿ ಸಾಲ ಕೊಡ್ತಾನೆ ನೋಡಿ, ಅದು ಗೊತ್ತಿಲ್ಲದವನು ಹೆದರಿ ಇನ್ನೊಬ್ಬನ ಹತ್ತಿರ ಕೇಳುವುದಕ್ಕಿಂತ ದುಬಾರಿ.

ಲ್ಯಾಕ್ಟೋಮೀಟರ್_ಅಕ್ಕ
ಹಾಲಿನ ಸೊಸೈಟಿಯಲ್ಲೂ ಇದೇ. ಹಾಲಿನ ಕೊಬ್ಬು ಅಳೆಯುವ ಗರ್ಬರ್ ಪರೀಕ್ಷೆಗೆ 10 ಎಂಎಲ್ ಸಲ್ಫ್ಯೂರಿಕ್ ಆಸಿಡ್, 10.75 ಎಂಎಲ್ ಹಾಲು, 1 ಎಂಎಲ್ ಅಮೈಲ್ ಆಲ್ಕೊಹಾಲ್ ಎಂದು ನಮ್ಮ ಹೊಸ ಹುಡುಗಿ ವಿಡಿಯೋ ನೋಡಿ ಗಿಳಿಪಾಠ ಒಪ್ಪಿಸಿದಳು. ಇವನ್ನೆಲ್ಲ ಬೆರೆಸುವ ಗಾಜಿನ ಕೊಳವೆ, ಬ್ಯುಟಿರೋಮೀಟರ್, ಕೈಗೆ ಕೊಟ್ಟು ಅಲುಗಿಸು ಅಂದರೆ ಆ ಬಿಸಿಗೆ ಹೆದರಿ ಬಿಟ್ಟೇ ಬಿಡುತ್ತಿದ್ದಳು. ಬಟ್ಟೆ ಸುತ್ತಿ ಹಿಡಿಯಬೇಕು ಎಂದು ವಿಡಿಯೋದಲ್ಲಿ ಇತ್ತಂತೆ, ಅವಳಿಗೆ ನೆನಪಿಲ್ಲ. ಆದರೆ ಒಂದು ಒಪ್ಪಬೇಕು, ಮೊದಲೇ ನೋಡಿಕೊಂಡು ಬಂದದ್ದರಿಂದ ನನಗೆ ಹೆಸರುಗಳನ್ನು ಹೇಳಿಕೊಡುವ ಕೆಲಸ ಉಳಿಯಿತು.

ಹೊಸಂಗಡಿ_ಟು_ಬೆಂಗಳೂರು
ಲ್ಯಾಕ್ಟೋಮೀಟರ್ ಅಕ್ಕ, ಅದನ್ನೇ ನಾವು ದುಡ್ಡು ತೆಗೆದುಕೊಂಡು ಹೇಳುವುದು 🙏 ಹೆಸರು, ಅಳತೆ, ಕ್ರಮ ಮೊಬೈಲಿನಲ್ಲಿ. ಕೈಕೆಲಸ ನಿಮ್ಮ ಎದುರು.

ಗಡಿ_ಸೆಕ್ರೆಟರಿ
ಒಂದು ವಾರ ಬಿಟ್ಟು ಬರ್ತಿದ್ದೇನೆ, ಕ್ಷಮಿಸಿ. ಹೊಸಂಗಡಿ ತಂಗಿ ಹೇಳಿದ ಹಾಗೆ ಬ್ರಾಂಚ್ ಮ್ಯಾನೇಜರುಗಳನ್ನು ಕೂರಿಸಿ ಪಟ್ಟಿ ಮಾಡಿದೆವು. ಒಟ್ಟು 23 ವಿಷಯ ಸಿಕ್ಕಿತು. ಗೊತ್ತಿಲ್ಲದ್ದು 8. ಕೈ ಪಳಗದ್ದು 5. ಮಾಡಲಿಕ್ಕೆ ಆಗದೆ ಆದದ್ದು 10.

ಹತ್ತು! ಉದಾಹರಣೆಗೆ, ಒಂದು ಬ್ರಾಂಚಿನಲ್ಲಿ ಬರೆಯುವವನೇ ತಾಳೆ ನೋಡುವುದು ಎಂದು ಪ್ರತಿ ಸಲ ಆಡಿಟರ್ ಬರೆಯುತ್ತಾರೆ. ನಾವು ಅದನ್ನು "ಸಿಬ್ಬಂದಿಗೆ ಅರಿವು ಸಾಲದು" ಎಂದು ಉತ್ತರ ಕೊಡುತ್ತಾ ಬಂದದ್ದು. ಅರಿವು ಧಾರಾಳ ಉಂಟು, ಎರಡನೆಯ ಮನುಷ್ಯ ಇಲ್ಲ. ಹುದ್ದೆ ಖಾಲಿ. ಇನ್ನೊಂದು, ಡಿಪೊದ ಸ್ಟಾಕು ತಾಳೆ ಆಗದ್ದು. ಲೋಡು ಬರುವುದು ಸಂಜೆ, ಎಣಿಸುವ ಹೊತ್ತಿಗೆ ಕತ್ತಲೆ, ಗೋದಾಮಿನಲ್ಲಿ ಒಂದೇ ಬಲ್ಬು.

ಬೋರ್ಡೋ_ಭಾವ
ಬಲ್ಬಿಗೆ ಕೋರ್ಸು ಉಂಟಾ ಕೇಳಿ ನೋಡಿ.

ಕೇಬಲ್_ಹುಡುಗ
😂😂

ಕುಂಬ್ಳೆ_ಮಾಷ್ಟ್ರು
ನಗುವ ವಿಷಯವೇ, ಆದರೆ ಈ ಹತ್ತನ್ನು ಮಂಡಳಿಯ ಎದುರು ಇಡುವುದು ಸುಲಭ ಅಲ್ಲ. ತರಬೇತಿ ಕೊಡಿಸಿದ್ದೇವೆ ಎಂದರೆ ತಪ್ಪು ಸಿಬ್ಬಂದಿಯದ್ದಾಗುತ್ತದೆ. ಹುದ್ದೆ ತುಂಬಿಲ್ಲ ಎಂದರೆ ಮಂಡಳಿಯದ್ದಾಗುತ್ತದೆ. ತರಬೇತಿಯ ಠರಾವು ಬೇಗ ಪಾಸಾಗುವುದರ ಗುಟ್ಟು ಇದೇ ಇರಬಹುದು.

ಗಡಿ_ಸೆಕ್ರೆಟರಿ
ಮಾಷ್ಟ್ರೇ, ನೀವು ನಮ್ಮ ಸಭೆಗೆ ಬರುವುದು ಬೇಡ 😊 ಆದರೂ ಹೇಳುತ್ತೇನೆ. ಹುದ್ದೆ ತುಂಬುವುದು ನನ್ನ ಕೈಯಲ್ಲೂ ಇಲ್ಲ, ಜೂನಿಯರ್ ಕ್ಲಾರ್ಕ್ ಆಗಬೇಕಾದರೆ ಸಹಕಾರಿ ಪರೀಕ್ಷಾ ಮಂಡಳಿಯ ಪರೀಕ್ಷೆ ಆಗಬೇಕು. ಕಳೆದ ಸಲ ಹಾಗೆ ಬಂದ ಹುಡುಗ ತೆಂಕಣ ಜಿಲ್ಲೆಯವ. ಕೆಲಸದಲ್ಲಿ ಚುರುಕು, ಮಲಯಾಳದ ಕೋರ್ಸು ಅವನಿಗೆ ಒಂದೇ ದಿನದಲ್ಲಿ ಮುಗಿದೀತು. ಆದರೆ ಕೌಂಟರಿನಲ್ಲಿ ಅಜ್ಜಿಯೊಬ್ಬರು ತುಳುವಿನಲ್ಲಿ ಬಡ್ಡಿ ಕೇಳಿದರೆ ಪಾಪ ಬೆವರುತ್ತಾನೆ. ಅವನಿಗೆ ಬೇಕಾದ ತರಬೇತಿ ಆ 120ರಲ್ಲಿ ಇಲ್ಲ. ಪಕ್ಕದ ಕುರ್ಚಿಯ ಅಕ್ಕ ಕೊಡ್ತಾ ಇದ್ದಾರೆ.

ಉಳಿದ 8ಕ್ಕೆ ಬರುವ. ಅದಕ್ಕೆ ಎರಡು ವರ್ಷದ ಕರಾರು ಬೇಕಾ?

ಹೊಸಂಗಡಿ_ಟು_ಬೆಂಗಳೂರು
ಬೇಡ ಅನ್ನಿಸ್ತದೆ. ಕೊಳ್ಳುವುದು ಲಾಭ ಆಗುವುದು ಜನ ಜಾಸ್ತಿ ಇದ್ದು, ದೂರ ದೂರ ಚದುರಿದ್ದು, ಪದೇ ಪದೇ ಹೊಸಬರು ಸೇರುತ್ತಾ ಇದ್ದು, ಪಾಠ ಬೇಗ ಹಳತಾಗದೆ ಇದ್ದಾಗ. ನಿಮ್ಮಲ್ಲಿ ಚದುರಿದ್ದು ಮಾತ್ರ ನಿಜ. 31 ಜನ, ಹೊಸಬರು ಅಪರೂಪ, ಸುತ್ತೋಲೆ ಬದಲಾಗುತ್ತಾ ಇರ್ತದೆ. ಒಂದು ಕೋರ್ಸಿನ ಒಂದು ಸಾಲು ತಿದ್ದಲಿಕ್ಕೆ ಕಂಪೆನಿಯವರು ಎಷ್ಟು ದಿನ ತೆಗೆದುಕೊಳ್ಳುತ್ತಾರೆ ಎಂದು ಕೇಳಿ. ಸುತ್ತೋಲೆ ಬಂದ ವಾರವೇ ಹಳೆ ದರ ಹೇಳುವ ಕೋರ್ಸು ಪರೀಕ್ಷೆಯಲ್ಲಿ ಸರಿಯುತ್ತರಕ್ಕೆ ತಪ್ಪು ಮಾರ್ಕು ಕೊಟ್ಟರೆ ಸಿಬ್ಬಂದಿ ಮತ್ತೆ ನಂಬುವುದಿಲ್ಲ.

ಬಿಡಲಿಕ್ಕೆ ಮನಸ್ಸಿಲ್ಲದಿದ್ದರೆ ಮೂರು ತಿಂಗಳು, ಒಂದೇ ಬ್ರಾಂಚು, ಎರಡೇ ವಿಷಯ ಎಂದು ಪರೀಕ್ಷಾರ್ಥ ಕೇಳಿ. ಒಪ್ಪದವರ ಜತೆ ಎರಡು ವರ್ಷ ಕೂಡ ಬೇಡ. ಮತ್ತೆ ಕರಾರು ಮುಗಿದರೆ ಸಿಬ್ಬಂದಿಯ ದಾಖಲೆ ನಿಮ್ಮ ಕೈಗೆ ಬರ್ತದಾ, ಅದನ್ನೂ.

ಕೇಬಲ್_ಹುಡುಗ
ಎಂಟು ವಿಷಯ ಅಲ್ವಾ. ನಾನು ಶನಿವಾರ ಮಧ್ಯಾಹ್ನ ಮೇಲೆ ಫ್ರೀ. ಟ್ರೈಪಾಡು, ಕಾಲರ್ ಮೈಕು ಉಂಟು. ಮಾತಾಡುವವರನ್ನು ನೀವು ಕೂರಿಸಿ. ಮುಖ ತೋರಿಸಲಿಕ್ಕೆ ನಾಚಿಕೆ ಆದರೆ ಕೈ, ಕಾಗದ, ಸ್ಕ್ರೀನು ಮಾತ್ರ ಹಿಡಿಯುವ.

ಗಡಿ_ಸೆಕ್ರೆಟರಿ
ಮಂಡಳಿಗೆ ಹೀಗೆ ಬರೆದಿದ್ದೇನೆ. ಕರಾರು ಸದ್ಯ ಬೇಡ. ಎಂಟು ವಿಷಯಕ್ಕೆ ನಮ್ಮದೇ ಸಣ್ಣ ವಿಡಿಯೋ, ಕನ್ನಡದಲ್ಲಿ, ಕೇರಳದ ನಿಯಮದಂತೆ. ಕಾನೂನಿನ ಮಾತು ಬಂದಲ್ಲಿ ನಮ್ಮ ನಿವೃತ್ತ ಇನ್‌ಸ್ಪೆಕ್ಟರೊಬ್ಬರು ಮೊದಲು ಓದಿ ಸಹಿ ಹಾಕಿದ ಮೇಲೆಯೇ ಚಿತ್ರೀಕರಣ. ಚಿನ್ನಕ್ಕೆ ವಿಡಿಯೋ ಇಲ್ಲ, ಹೊಸಬರು ಅಪ್ರೈಸರ ಹತ್ತಿರ ಕೂರುವುದು. ಮೂರು ದಿನದ ತಿರುವನಂತಪುರ ಪೂರ್ತಿ ನಿಲ್ಲಿಸುವುದಿಲ್ಲ, ಬಡ್ತಿಗೆ ಬೇಕಾದವರು ಹೋಗಲಿ. ಹತ್ತರ ಪಟ್ಟಿ ಬೇರೆಯೇ ಟಿಪ್ಪಣಿಯಾಗಿ ಇಟ್ಟಿದ್ದೇನೆ, ಒಂದನೇ ಐಟಂ ಗೋದಾಮಿನ ಲೈಟು.

ವಿಟ್ಲದಿಂದ
ಸೆಕ್ಷನ್ ನಂಬರು ಇರುವ ಪುಟ ಎಲ್ಲ ತೆಗೆದು ಉಳಿದದ್ದನ್ನು ಕಳಿಸ್ತೇನೆ. ಖೋಟಾನೋಟಿನದ್ದು ಚೆನ್ನಾಗಿ ಉಂಟು, ಹೊಸದಾಗಿ ಮಾಡಬೇಡಿ.

ಒರೆಗಲ್ಲು
ಒಂದು ಕೇಳಲಿಕ್ಕೆ ಇತ್ತು, ಸಿಬ್ಬಂದಿ ಕಡೆಯಿಂದ. ಈ ವಿಡಿಯೋ ನೋಡುವುದು ಡ್ಯೂಟಿ ಹೊತ್ತಿನಲ್ಲಾ, ಮನೆಗೆ ಹೋದ ಮೇಲಾ? ಮನೆಯಲ್ಲಿ ಅಂದರೆ ನಮ್ಮ ಹೆಂಗಸರು ಯಾರೂ ನೋಡುವುದಿಲ್ಲ. ಅವರಿಗೆ ಅಲ್ಲಿ ಇನ್ನೊಂದು ಡ್ಯೂಟಿ ಉಂಟು.

ಗಡಿ_ಸೆಕ್ರೆಟರಿ
ಡ್ಯೂಟಿಯಲ್ಲೇ. ಬುಧವಾರ ಬೆಳಿಗ್ಗೆ ಕೌಂಟರ್ ತೆರೆಯುವ ಮೊದಲು ಅರ್ಧ ಗಂಟೆ, ಮ್ಯಾನೇಜರೂ ಜತೆಗೆ ಕೂತು. ನೋಡಿದ ಮೇಲೆ ಒಬ್ಬೊಬ್ಬರು ಒಂದು ಪ್ರಶ್ನೆ ಕೇಳಬೇಕು.

ಒರೆಗಲ್ಲು
ಹಾಗಾದರೆ ಬ್ರಾಂಚಿಗೊಂದು ಟ್ಯಾಬ್ ಕೂಡ ಆ ಟಿಪ್ಪಣಿಗೆ ಸೇರಿಸಿ, ಲೈಟಿನ ಕೆಳಗೆ ಎರಡನೇ ಐಟಂ. ನನ್ನ ಫೋನಿನ ಸ್ಪೀಕರು ಹೋಗಿ ಸುಮಾರು ಸಮಯ ಆಯಿತು.